ಅಡ್ಜುವಂಟ್: ಲೋಳೆಪೊರೆಯನ್ನು ಎಬ್ಬಿಸುವ ನೆರವುಗಾರ

ಪಲ್ಸ್ ಪೋಲಿಯೊ ಭಾನುವಾರ. ಮಲ್ಲೇಶ್ವರದ ಅಂಗನವಾಡಿಯಲ್ಲಿ ಮಗಳಿಗೆ ಎರಡು ಹನಿ ಹಾಕಿಸಿದ್ದೆ. ಎಡಗೈ ಕಿರುಬೆರಳಿಗೆ ಮಸಿ ಹಚ್ಚುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜಿ ಕೇಳಿದರು: "ಪೋಲಿಯೊ ಇಂಜೆಕ್ಷನ್ನೂ ಆಗಿದೆಯಲ್ಲಮ್ಮ, ಮತ್ತೆ ಹನಿ ಯಾಕೆ?"

ಒಳ್ಳೇ ಪ್ರಶ್ನೆ. ಇಂಜೆಕ್ಷನ್ ರಕ್ತದಲ್ಲಿ ಕಾವಲು ಹಾಕುತ್ತದೆ, ಕೈಕಾಲು ಬೀಳದಂತೆ ಕಾಪಾಡುತ್ತದೆ. ಆದರೆ ವೈರಸ್ ಬರುವುದು ಬಾಯಿಂದ, ಬೆಳೆಯುವುದು ಕರುಳಿನಲ್ಲಿ. ಅಲ್ಲಿ ಹನಿಯ ಕಾವಲೇ ಜಾಸ್ತಿ ಗಟ್ಟಿ. ಮೂಗು, ಶ್ವಾಸನಾಳ, ಕರುಳಿನ ಒಳಗೋಡೆಯ ಒದ್ದೆ ಪದರವೇ ಲೋಳೆಪೊರೆ. ಅಲ್ಲಿನ ಮುಖ್ಯ ಕಾವಲುಗಾರ ಐಜಿಎ ಎಂಬ ಪ್ರತಿಕಾಯ. ಅದು ಲೋಳೆಯೊಳಕ್ಕೇ ಇಳಿದು, ರೋಗಾಣು ಗೋಡೆಗೆ ಅಂಟುವ ಮೊದಲೇ ಹಿಡಿದುಕೊಳ್ಳುತ್ತದೆ.

ಹನಿಯಲ್ಲಿರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಕರುಳನ್ನು ಅದೇ ಎಬ್ಬಿಸುತ್ತದೆ. ಬರೀ ಒಂದು ಪ್ರೋಟೀನ್ ಚೂರು ನುಂಗಿಸಿದರೆ? ಕರುಳು ಸುಮ್ನೆ ಇದ್ದುಬಿಡುತ್ತದೆ. ದಿನಾ ಮುದ್ದೆ, ಸಾರು, ಮೊಸರು ಕಾಣುವ ಕರುಳು ಎಲ್ಲದರ ಮೇಲೂ ಜಗಳಕ್ಕೆ ನಿಂತರೆ ನಾವು ಊಟ ಮಾಡುವ ಹಾಗೇ ಇಲ್ಲ, ಅಲ್ವಾ? "ಇದು ಊಟ ಅಲ್ಲ, ಎಚ್ಚರ" ಎಂದು ಯಾರಾದರೂ ಕೂಗಬೇಕು. ಲಸಿಕೆಯ ಜೊತೆ ಸೇರಿಸಿ ಹಾಗೆ ಕೂಗಿಸುವ ವಸ್ತುವೇ ಅಡ್ಜುವಂಟ್. ಲ್ಯಾಟಿನ್ ಮೂಲದ ಪದ, ಅರ್ಥ 'ನೆರವಾಗುವುದು'.

1926ರಲ್ಲಿ ಅಲೆಕ್ಸಾಂಡರ್ ಗ್ಲೆನಿ ತೋರಿಸಿಕೊಟ್ಟ ಅಲ್ಯೂಮಿನಿಯಂ ಲವಣ ಇಂದಿಗೂ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಇಂಜೆಕ್ಷನ್ನಿನಲ್ಲಿದೆ. ರಕ್ತದ ಕಾವಲಿಗೆ ಅದು ಸಾಕು, ಲೋಳೆಪೊರೆಗೆ ಸಾಲದು.

ಲೋಳೆಪೊರೆಯನ್ನು ಚೆನ್ನಾಗಿ ಎಬ್ಬಿಸುವುದು, ಆಶ್ಚರ್ಯವೆಂದರೆ, ಭೇದಿ ತರಿಸುವ ವಿಷಗಳೇ. ಕಾಲರಾ ಮತ್ತು ಇ. ಕೋಲಿ ಬ್ಯಾಕ್ಟೀರಿಯಾಗಳ ವಿಷ ಪೊರೆಯಡಿ ಪಹರೆ ಕಾಯುವ ಡೆಂಡ್ರಿಟಿಕ್ ಕೋಶಗಳನ್ನು ಕೆಣಕುತ್ತದೆ. ಅವು ರಕ್ಷಣಾ ಪಡೆಯ ಟಿ ಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಟಿ ಕೋಶಗಳ ನೆರವಿನಿಂದ, ಪ್ರತಿಕಾಯ ಮಾಡುವ ಬಿ ಕೋಶಗಳು ಐಜಿಎ ತಯಾರಿಗೆ ಇಳಿಯುತ್ತವೆ. ಆದರೆ ವಿಷ ವಿಷವೇ. 2000-01ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇ. ಕೋಲಿ ವಿಷ ಬೆರೆಸಿದ ಫ್ಲೂ ಲಸಿಕೆಯನ್ನು ಮೂಗಿಗೆ ಸಿಂಪಡಿಸಿದರು. ಕೆಲವರ ಮುಖದ ಒಂದು ಪಕ್ಕ ಜೋತುಬಿತ್ತು. ಲಸಿಕೆಯನ್ನು ಹಿಂದಕ್ಕೆ ಪಡೆದರು. ಮೂಗಿನ ಅಡ್ಜುವಂಟ್ ಎಂದರೆ ಇವತ್ತಿಗೂ ಹತ್ತು ಸಲ ಯೋಚಿಸುವುದು ಇದಕ್ಕೇ, ಯೋಚಿಸಲೇಬೇಕು ಕೂಡ.

ಆಮೇಲೆ ಬಂದದ್ದು ಡಿಎಂಎಲ್‌ಟಿ ಎಂಬ ಅಡ್ಜುವಂಟ್. ಅದೇ ಇ. ಕೋಲಿ ವಿಷದಲ್ಲಿ ಎರಡು ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಎರಡು ಇಟ್ಟಿಗೆ, ಬದಲಿಸಿದ್ದಾರೆ. ಭೇದಿ ತರಿಸುವ ಗುಣ ತೀರಾ ಕಮ್ಮಿಯಾಗಿದೆ, ಎಬ್ಬಿಸುವ ಗುಣ ಉಳಿದಿದೆ. ಬಾಂಗ್ಲಾದೇಶದಲ್ಲಿ ಭೇದಿ ತಡೆಯುವ ಲಸಿಕೆಯ ಜೊತೆ ಇದನ್ನು ಪುಟ್ಟ ಮಕ್ಕಳಿಗೆ ಕುಡಿಸಿ ನೋಡಿದರು. 6ರಿಂದ 11 ತಿಂಗಳ ಕೂಸುಗಳ ಕರುಳಿನಲ್ಲಿ ಐಜಿಎ ಕಾವಲು ಇನ್ನಷ್ಟು ಬಲವಾಯಿತು.