ವಿಲಿಯಂ ಹೆನ್ರಿ ಲೂಯಿಸ್: ಮೈದಾನದ ನಡುವಿನಿಂದ ನ್ಯಾಯಾಲಯಕ್ಕೆ

ಅಮೆರಿಕನ್ ಫುಟ್ಬಾಲ್‌ನ ಆರಂಭಕಾಲವನ್ನು ಓದುವಾಗ ಲೂಯಿಸ್ ಸಿಗುವುದು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ: ‘ಆಲ್-ಅಮೆರಿಕ’ ಗೌರವ ಪಡೆದ ಮೊದಲ ಕಪ್ಪು ವರ್ಣೀಯ ಆಟಗಾರ, 1892 ಮತ್ತು 1893. (ಆಲ್-ಅಮೆರಿಕ ಎಂದರೆ ಮೈದಾನಕ್ಕಿಳಿಯುವ ತಂಡವಲ್ಲ, ಆಯಾ ಸ್ಥಾನದಲ್ಲಿ ಆ ವರ್ಷ ಚೆನ್ನಾಗಿ ಆಡಿದವರ ಪಟ್ಟಿ.) ಪರೀಕ್ಷೆಯಲ್ಲಿ ಅಂಕ ತರಲು ಆ ಸಾಲು ಸಾಕು, ಆತನನ್ನು ತಿಳಿಯಲು ಸಾಲದು.

ಹುಟ್ಟಿದ್ದು 1868ರಲ್ಲಿ, ವರ್ಜೀನಿಯಾದಲ್ಲಿ. ತಂದೆತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದವರು. ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಓದುತ್ತ 1891ರಲ್ಲಿ ತಂಡದ ನಾಯಕನಾದ. ಪದವಿ ಮುಗಿಸಿ ಹಾರ್ವರ್ಡ್‌ನಲ್ಲಿ ಕಾನೂನು ಓದಲು ಸೇರಿದವನು ಅಲ್ಲಿಯೂ ಎರಡು ವರ್ಷ ಆಡಿದ. ಇಲ್ಲಿ ಹಲವರಿಗೆ ಗೊಂದಲವಾಗುತ್ತದೆ. ಆಗ ಅರ್ಹತೆಯ ನಿಯಮಗಳು ಸಡಿಲವಾಗಿದ್ದವು; ಪದವೀಧರನಾದ ಕಾನೂನು ವಿದ್ಯಾರ್ಥಿಗೂ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗವಿತ್ತು.

ಆತನದು ಸೆಂಟರ್ ಸ್ಥಾನ. ಪ್ರತಿ ಸಲ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವವನು, ಮರುಕ್ಷಣವೇ ಎದುರಾಳಿಯ ಢಿಕ್ಕಿಗೆ ಎದೆಯೊಡ್ಡುವವನು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಬಂದದ್ದು 1906ರಲ್ಲಿ. ಅದಕ್ಕೂ ಮೊದಲು ಆಟವೆಲ್ಲ ನಡುಭಾಗದ ನೂಕಾಟವೇ. 1892ರಲ್ಲಿ ಯೇಲ್ ವಿರುದ್ಧ ಹಾರ್ವರ್ಡ್ ‘ಫ್ಲೈಯಿಂಗ್ ವೆಡ್ಜ್’ ಪ್ರಯೋಗಿಸಿತು: ಆಟಗಾರರು ದೂರದಿಂದ ಓಡಿಬಂದು ಬೆಣೆಯಾಕಾರದಲ್ಲಿ ಒಟ್ಟಾಗಿ ನುಗ್ಗುವ ತಂತ್ರ. ಆದರೂ ಹಾರ್ವರ್ಡ್ 6-0ರಿಂದ ಸೋತಿತು. ಅಪಾಯಕಾರಿಯೆಂದು ತಂತ್ರವನ್ನು 1894ರಲ್ಲಿ ನಿಷೇಧಿಸಲಾಯಿತು. ಇಂಥ ಆಟದಲ್ಲಿ ಸುಮಾರು 80 ಕಿಲೋ ತೂಕದ ಲೂಯಿಸ್ ಸೆಂಟರ್‌ಗೆ ಹಗುರವೇ. ಗೆಲ್ಲಿಸಿದ್ದು ವೇಗ ಮತ್ತು ಬುದ್ಧಿ ಎಂದು ನನ್ನ ಅನಿಸಿಕೆ. ಅದಕ್ಕೆ ಆಧಾರ, 1896ರಲ್ಲಿ ಆತ ಬರೆದ ‘ಎ ಪ್ರೈಮರ್ ಆಫ್ ಕಾಲೇಜ್ ಫುಟ್ಬಾಲ್’ ಎಂಬ ಕೈಪಿಡಿ ಮತ್ತು ಹಾರ್ವರ್ಡ್‌ನಲ್ಲಿ ವರ್ಷಗಟ್ಟಲೆ ಮಾಡಿದ ತರಬೇತುದಾರನ ಕೆಲಸ. ಆಡಿದ ಕಾಲಕ್ಕಿಂತ ಕಲಿಸಿದ ಕಾಲವೇ ಹೆಚ್ಚು. ಟಿಪ್ಪಣಿಗಳು ಅದನ್ನು ಬಿಟ್ಟುಬಿಡುವುದು ಸರಿಯಲ್ಲ.

ಆಲ್-ಅಮೆರಿಕ ಖ್ಯಾತಿಯಿದ್ದರೂ ಹಾರ್ವರ್ಡ್ ಇರುವ ಊರಾದ ಕೇಂಬ್ರಿಜ್‌ನ ಕ್ಷೌರಿಕನೊಬ್ಬ ಕೂದಲು ಕತ್ತರಿಸಲು ಒಪ್ಪಲಿಲ್ಲ. ಲೂಯಿಸ್ ಸುಮ್ಮನಾಗದೆ, ಮ್ಯಾಸಚೂಸೆಟ್ಸ್‌ನ ಸಮಾನ ಹಕ್ಕಿನ ಕಾನೂನು ಕ್ಷೌರದಂಗಡಿಗಳಿಗೂ ಅನ್ವಯಿಸುವಂತೆ 1893ರಲ್ಲಿ ತಿದ್ದುಪಡಿ ಮಾಡಿಸಲು ದುಡಿದ. 1903ರಲ್ಲಿ ಬಾಸ್ಟನ್‌ನಲ್ಲಿ ಸಹಾಯಕ ಫೆಡರಲ್ ಅಟಾರ್ನಿ, ಅಂದರೆ ಕೇಂದ್ರ ಸರ್ಕಾರದ ಪರ ವಾದಿಸುವ ವಕೀಲನಾದ. 1911ರಲ್ಲಿ ಅಧ್ಯಕ್ಷ ಟಾಫ್ಟ್ ಆತನನ್ನು ಅಮೆರಿಕದ ಸಹಾಯಕ ಅಟಾರ್ನಿ ಜನರಲ್ ಆಗಿ ನೇಮಿಸಿದರು.

ಅದೇ ವರ್ಷ ವಕೀಲರ ರಾಷ್ಟ್ರೀಯ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಸದಸ್ಯತ್ವವೂ ಸಿಕ್ಕಿತು. ಆತ ಕಪ್ಪು ವರ್ಣೀಯನೆಂದು ತಿಳಿದಾಗ ಹೊರಹಾಕುವ ಪ್ರಯತ್ನ ನಡೆಯಿತು. ಲೂಯಿಸ್ ರಾಜೀನಾಮೆ ಕೊಡಲಿಲ್ಲ; ಅಟಾರ್ನಿ ಜನರಲ್ ವಿಕರ್‌ಶ್ಯಾಮ್ ಬೆಂಬಲಕ್ಕೆ ನಿಂತರು. 1912ರಲ್ಲಿ ಸದಸ್ಯತ್ವವೇನೋ ಉಳಿಯಿತು, ಆದರೆ ಮುಂದೆ ಅರ್ಜಿ ಹಾಕುವವರು ತಮ್ಮ ಜನಾಂಗವನ್ನು ನಮೂದಿಸಬೇಕೆಂಬ ನಿಯಮ ಬಂತು.