ದಲಿತ ಕ್ರೈಸ್ತರ ಎರಡು ಪ್ರಶ್ನೆಗಳು: ನ್ಯಾಯಾಲಯದಲ್ಲಿ ಒಂದು, ಸಭೆಯಲ್ಲಿ ಒಂದು

2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗುವ ಹೊತ್ತಿಗೆ ಅದರ ಜಾತಿಪಟ್ಟಿಯಲ್ಲಿ ಬ್ರಾಹ್ಮಣ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್, ಮಾದಿಗ ಕ್ರಿಶ್ಚಿಯನ್ ಎಂಬಂಥ ಹೆಸರುಗಳು ಕಾಣಿಸಿಕೊಂಡವು. ವಿರೋಧ ಜೋರಾಯಿತು. ರಾಜ್ಯಪಾಲರು ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಆಯೋಗ ಅಂಥ 33 ಹೆಸರುಗಳನ್ನು ಆ್ಯಪ್‌ನ ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಆ ದಿನಗಳಲ್ಲಿ ಕ್ರೈಸ್ತ ವಿದ್ಯಾರ್ಥಿಗಳ ನಡುವೆ ಎರಡು ಮಾತು ಒಟ್ಟಿಗೆ ಓಡಾಡುತ್ತಿದ್ದವು. "ಕ್ರೈಸ್ತರಲ್ಲಿ ಜಾತಿ ಎಲ್ಲಿದೆ?" ಎಂಬುದು ಒಂದು. "ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಕೊಡಿ" ಎಂಬುದು ಇನ್ನೊಂದು. ಎರಡನ್ನೂ ಒಂದೇ ಬಾಯಲ್ಲಿ ಹೇಳಿದವರೂ ಇದ್ದರು.

ಈ ಎರಡು ಮಾತುಗಳು ಹೇಗೆ ತಾಕಲಾಡುತ್ತವೆ, ಎಲ್ಲಿ ಕೂಡುತ್ತವೆ ಎಂಬುದೇ ಈ ಟಿಪ್ಪಣಿಯ ವಿಷಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸಭೆಯೊಳಗಿನ, ಅಂದರೆ ಚರ್ಚಿನೊಳಗಿನ, ಜಾತಿಯನ್ನು ಸಭೆ ಬಾಯಿಬಿಟ್ಟು ಒಪ್ಪಿಕೊಳ್ಳದೆ ದಲಿತ ಕ್ರೈಸ್ತರ ಪರ ಹೋರಾಟ ಗಟ್ಟಿಯಾಗುವುದಿಲ್ಲ. ಇದನ್ನು ಬರಿಯ ನೀತಿಯ ಮಾತಾಗಿ ಹೇಳುತ್ತಿಲ್ಲ. ಸುಪ್ರೀಂ ಕೋರ್ಟ್ ಕೇಳಿರುವ ಸಾಕ್ಷ್ಯವೂ ಅದೇ.

ಕಾನೂನು ಎಲ್ಲಿ ನಿಂತಿದೆ

ಸಂವಿಧಾನದ 341ನೇ ವಿಧಿಯ ಅಡಿಯಲ್ಲಿ ರಾಷ್ಟ್ರಪತಿಗಳು 1950ರ ಆಗಸ್ಟ್ 10ರಂದು ಪರಿಶಿಷ್ಟ ಜಾತಿಗಳ ಆದೇಶ ಹೊರಡಿಸಿದರು. ಅದರ ಮೂರನೇ ಪ್ಯಾರಾ ನಮ್ಮ ವಿಷಯದ ಕೇಂದ್ರ. ಹಿಂದೂ ಧರ್ಮವನ್ನು ಬಿಟ್ಟು ಬೇರೆ ಧರ್ಮವನ್ನು ಅನುಸರಿಸುವವರು ಪರಿಶಿಷ್ಟ ಜಾತಿಯವರೆಂದು ಪರಿಗಣಿತರಾಗುವುದಿಲ್ಲ ಎಂದಿತ್ತು ಅದು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗುಳಿದರು. ಈ ಹೊರಗಿಡುವಿಕೆ ಸ್ವಾತಂತ್ರ್ಯದ ನಂತರ ಹುಟ್ಟಿದ್ದಲ್ಲ. ಬ್ರಿಟಿಷ್ ಸರ್ಕಾರದ 1936ರ ಆದೇಶದಲ್ಲೇ ಭಾರತೀಯ ಕ್ರೈಸ್ತರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ ಎಂಬ ಮಾತಿತ್ತು.

ಪರಿಶಿಷ್ಟ ಪಂಗಡಗಳಿಗೆ ಇಂಥ ಧರ್ಮದ ಷರತ್ತು ಇಲ್ಲ ಎಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಆದಿವಾಸಿಯೊಬ್ಬ ಕ್ರೈಸ್ತನಾದರೂ ಪಂಗಡದ ಸ್ಥಾನ ಉಳಿಯುತ್ತದೆ. ದಲಿತನೊಬ್ಬ ಕ್ರೈಸ್ತನಾದರೆ ಉಳಿಯುವುದಿಲ್ಲ. ಅಸ್ಪೃಶ್ಯತೆ ಹಿಂದೂ ಸಮಾಜದ ರಚನೆಯಿಂದ ಬಂದದ್ದು, ಆ ರಚನೆಯಿಂದ ಹೊರಬಂದವನಿಗೆ ಅದು ಅಂಟುವುದಿಲ್ಲ ಎಂಬ ತರ್ಕ ಈ ವ್ಯತ್ಯಾಸದ ಹಿಂದಿದೆ.

ಈ ತರ್ಕವನ್ನು ಪ್ರಶ್ನಿಸಿದವರು ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರು. ಆದಿ ದ್ರಾವಿಡ ಜಾತಿಯಿಂದ ಕ್ರೈಸ್ತರಾದವರು. ಚಮ್ಮಾರರಿಗೆ ಸರ್ಕಾರ ಉಚಿತವಾಗಿ ಕೊಡುತ್ತಿದ್ದ ಗೂಡಂಗಡಿ ಇವರಿಗೆ ಸಿಗಲಿಲ್ಲ, ಕಾರಣ ಧರ್ಮ. ಪಕ್ಕದಲ್ಲಿ ಕುಳಿತು ಅದೇ ಕೆಲಸ ಮಾಡುವ ಹಿಂದೂ ಚಮ್ಮಾರರಿಗೆ ಸಿಕ್ಕಿತು. 1985ರಲ್ಲಿ ಸುಪ್ರೀಂ ಕೋರ್ಟ್ ಅವರ ಅರ್ಜಿಯನ್ನು ತಳ್ಳಿಹಾಕಿತು. ಆದರೆ ತಳ್ಳಿಹಾಕಿದ ಕಾರಣವನ್ನು ನಿಧಾನವಾಗಿ ಓದಬೇಕು. ಮತಾಂತರದ ನಂತರವೂ ಜಾತಿ ಉಳಿದಿದೆ ಎಂದು ತೋರಿಸಿದರೆ ಸಾಲದು. ಹಿಂದೆ ಅನುಭವಿಸಿದ ಅಡೆತಡೆಗಳು ಹೊಸ ಸಮುದಾಯದ ಪರಿಸರದಲ್ಲೂ ಅದೇ ಉಗ್ರತೆಯಲ್ಲಿ ಮುಂದುವರಿದಿವೆ ಎಂದು ತೋರಿಸಬೇಕು ಎಂದಿತು ನ್ಯಾಯಾಲಯ. ಅಂಥ ಸಾಮಗ್ರಿ ತನ್ನ ಮುಂದೆ ಬಂದಿಲ್ಲ ಎಂದಿತು.

ಹೊಸ ಸಮುದಾಯದ ಪರಿಸರ ಎಂದರೆ ಯಾವುದು? ನಮ್ಮ ಸಭೆಗಳು, ನಮ್ಮ ಶಾಲೆಗಳು, ನಮ್ಮ ಸಮಾಧಿ ಸ್ಥಳಗಳು. ಅಲ್ಲಿ ಏನು ನಡೆಯುತ್ತದೆ ಎಂದು ಹೇಳಬೇಕಾದವರು ನಾವೇ.

ಕೆಜಿಎಫ್‌ನ ಚುನಾವಣೆ

ಈ ಕಾನೂನಿನ ಒಂದು ಮುಖ್ಯ ಅಧ್ಯಾಯ ನಮ್ಮ ನಾಡಿನದು, ಆದರೂ ನಮ್ಮಲ್ಲಿ ಅದನ್ನು ಬಲ್ಲವರು ಕಡಿಮೆ. ಕೋಲಾರ ಚಿನ್ನದ ಗಣಿ ಪ್ರದೇಶದ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. 1967ರಲ್ಲಿ ಅಲ್ಲಿಂದ ಗೆದ್ದ ಎಸ್. ರಾಜಗೋಪಾಲ್ 1949ರಲ್ಲಿ ಕ್ರೈಸ್ತರಾಗಿದ್ದವರು, ನಂತರ ಹಿಂದೂ ಧರ್ಮಕ್ಕೆ ಮರಳಿದ್ದೇನೆ ಎಂದವರು. ಎದುರಾಳಿ ಸಿ.ಎಂ. ಆರುಮುಗಂ ಆ ಆಯ್ಕೆಯನ್ನು ಪ್ರಶ್ನಿಸಿದರು. ಕ್ರೈಸ್ತರಾದಾಗಲೇ ರಾಜಗೋಪಾಲ್ ಆದಿ ದ್ರಾವಿಡ ಜಾತಿಯನ್ನು ಕಳೆದುಕೊಂಡರು, ಧರ್ಮಕ್ಕೆ ಮರಳಿದ ಮಾತ್ರಕ್ಕೆ ಜಾತಿ ಮರಳುವುದಿಲ್ಲ ಎಂದು 1968ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1972ರಲ್ಲಿ ಅದೇ ಇಬ್ಬರ ನಡುವೆ ಮತ್ತೆ ಸ್ಪರ್ಧೆ, ಮತ್ತೆ ದಾವೆ. ಈ ಸಲ ಜಾತಿಯ ಜನ ಅವರನ್ನು ತಮ್ಮವರೆಂದು ಒಪ್ಪಿಕೊಂಡಿದ್ದಾರೆ ಎಂಬುದಕ್ಕೆ ಸಾಕ್ಷ್ಯವಿತ್ತು. 1975ರ ತೀರ್ಪು ರಾಜಗೋಪಾಲ್ ಪರವಾಯಿತು. ಕ್ರೈಸ್ತನಾದ ಕೂಡಲೇ ಜಾತಿ ಹೋಗಿಯೇ ಹೋಗುತ್ತದೆ ಎಂಬ ಸಾರ್ವತ್ರಿಕ ನಿಯಮವಿಲ್ಲ, ಅದು ಆಯಾ ಜಾತಿಯ ಕಟ್ಟುಪಾಡನ್ನು ಅವಲಂಬಿಸಿದೆ ಎಂಬ ಮಾತೂ ಅದರಲ್ಲಿದೆ.

2015ರ ಕೆ.ಪಿ. ಮನು ಪ್ರಕರಣದಲ್ಲಿ ಈ ದಾರಿ ಇನ್ನಷ್ಟು ಸ್ಪಷ್ಟವಾಯಿತು. ಅಜ್ಜ ಅಜ್ಜಿಯ ಕಾಲದಲ್ಲಿ ಕ್ರೈಸ್ತವಾದ ಮನೆತನದವನು ಹಿಂದೂ ಧರ್ಮಕ್ಕೆ ಮರಳಿ, ಮೂಲ ಜಾತಿಯವರು ಒಪ್ಪಿಕೊಂಡರೆ ಪರಿಶಿಷ್ಟ ಜಾತಿಯ ಸ್ಥಾನ ಸಿಗಬಹುದು. ಹಾಗೆಂದು ಧರ್ಮವನ್ನು ಮುಚ್ಚಿಟ್ಟು ಪ್ರಮಾಣಪತ್ರ ಪಡೆಯುವಂತಿಲ್ಲ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಸೆಲ್ವರಾಣಿ ಪ್ರಕರಣದಲ್ಲಿ, ಕ್ರೈಸ್ತ ಆಚರಣೆಯನ್ನು ಮುಂದುವರಿಸಿಕೊಂಡೇ ನೌಕರಿಗಾಗಿ ಹಿಂದೂ ಎಂದುಕೊಳ್ಳುವುದು ಸಂವಿಧಾನಕ್ಕೆ ಬಗೆಯುವ ವಂಚನೆ ಎಂದು ಸುಪ್ರೀಂ ಕೋರ್ಟ್ ಕಟುವಾಗಿ ಹೇಳಿತು.

ಇವೆಲ್ಲವನ್ನೂ ಜೋಡಿಸಿ ನೋಡಿದಾಗ ನನಗೆ ನೋವಾಗುವುದು ಇಲ್ಲಿ: ಬಡ ದಲಿತ ಕ್ರೈಸ್ತ ಹುಡುಗಿಯೊಬ್ಬಳಿಗೆ ಕಾನೂನು ತೋರಿಸುವ ದಾರಿ ನಂಬಿಕೆಯನ್ನು ಬಿಡುವುದು. ಬಿಡದೆ ಉಳಿದರೆ ಕಳೆದುಕೊಳ್ಳುವುದು ಸೀಟು, ನೌಕರಿ ಮಾತ್ರವಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ ರಕ್ಷಣೆಯೂ ಹೋಗುತ್ತದೆ. ಜಾತಿ ಹಿಡಿದು ಬೈದು ಹೊಡೆದರು ಎಂದು ದೂರಿದ್ದ ಪಾಸ್ಟರ್ ಒಬ್ಬರ ಪ್ರಕರಣದಲ್ಲಿ ಆಂಧ್ರಪ್ರದೇಶ ಹೈಕೋರ್ಟ್ 2025ರಲ್ಲಿ ಹೇಳಿದ್ದು ಅದನ್ನೇ. ಬೈಯುವವನು ದೀಕ್ಷಾಸ್ನಾನದ ದಾಖಲೆ ನೋಡಿ ಬೈಯುವುದಿಲ್ಲ.

ಧಾರ್ಮಿಕ, ಭಾಷಿಕ ಅಲ್ಪಸಂಖ್ಯಾತರ ಕುರಿತು ಕೇಂದ್ರ ನೇಮಿಸಿದ್ದ ರಂಗನಾಥ ಮಿಶ್ರಾ ಆಯೋಗ 2007ರ ವರದಿಯಲ್ಲಿ ಮೂರನೇ ಪ್ಯಾರಾವನ್ನು ತೆಗೆದುಹಾಕಲು ಶಿಫಾರಸು ಮಾಡಿತು. ಅದರ ಸದಸ್ಯ ಕಾರ್ಯದರ್ಶಿ ಆಶಾ ದಾಸ್ ಭಿನ್ನಮತ ದಾಖಲಿಸಿದರು. ಆ ಪ್ಯಾರಾವನ್ನು ಪ್ರಶ್ನಿಸುವ ಅರ್ಜಿಗಳು 2004ರಿಂದ ಸುಪ್ರೀಂ ಕೋರ್ಟಿನಲ್ಲಿವೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಇದೇ ಪ್ರಶ್ನೆಯ ಪರಿಶೀಲನೆಗೆ ಹೊಸ ಆಯೋಗ ನೇಮಿಸಿ, ಎರಡು ವರ್ಷದ ಗಡುವನ್ನು ನಂತರ ವಿಸ್ತರಿಸಿತು.

ಸಭೆಯ ಚರಿತ್ರೆ

ಸಭೆ ಜಾತಿಯೊಡನೆ ಹೇಗೆ ನಡೆದುಕೊಂಡಿತು ಎಂಬುದಕ್ಕೆ ಒಂದೇ ಉತ್ತರವಿಲ್ಲ. 1606ರಲ್ಲಿ ಮಧುರೆಗೆ ಬಂದ ಜೆಸ್ವಿಟ್ ಎಂಬ ಕಥೊಲಿಕ ಸಂಘದ ಪಾದ್ರಿ ರೊಬೆರ್ತೊ ದೆ ನೊಬಿಲಿ ಸಂನ್ಯಾಸಿಯ ವೇಷ ತೊಟ್ಟು ಮೇಲುಜಾತಿಯವರ ನಡುವೆ ಬದುಕಿದರು. ಜನಿವಾರ, ಜುಟ್ಟು ಲೌಕಿಕ ಸಂಕೇತಗಳು, ಅವನ್ನು ಬಿಡಬೇಕಿಲ್ಲ ಎಂಬುದು ಅವರ ವಾದ. 1623ರಲ್ಲಿ ಹದಿನೈದನೇ ಗ್ರೆಗರಿ ಪೋಪರು ಅದಕ್ಕೆ ಅನುಮತಿ ಕೊಟ್ಟರು. ಕೆಳಜಾತಿಯವರ ನಡುವೆ ಕೆಲಸ ಮಾಡಲು ಬೇರೆ ಪಾದ್ರಿಗಳನ್ನು ನೇಮಿಸಬೇಕಾಯಿತು. ನೊಬಿಲಿಯವರ ಭಾಷಾಪಾಂಡಿತ್ಯವನ್ನು ಮೆಚ್ಚುತ್ತೇನೆ. ಆದರೆ ಒಂದೇ ನಂಬಿಕೆಗೆ ಎರಡು ಬಾಗಿಲು ಇಟ್ಟದ್ದು ಅಲ್ಲಿಂದ ಎಂದೂ ಹೇಳಬೇಕಾಗುತ್ತದೆ.

ಇದಕ್ಕೆ ವಿರುದ್ಧವಾಗಿ ಕಲ್ಕತ್ತದ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಜಾತಿಭೇದವನ್ನು ತಕ್ಷಣ, ಪೂರ್ಣವಾಗಿ ಬಿಡಬೇಕೆಂದು ಆಜ್ಞಾಪಿಸಿದರು. ತಂಜಾವೂರಿನ, ಮದ್ರಾಸಿನ ವೇಪೇರಿಯ ಸಭೆಗಳಲ್ಲಿ ಮೇಲುಜಾತಿಯ ಕ್ರೈಸ್ತರು ತಿರುಗಿಬಿದ್ದರು. ಆರಾಧನೆ ಬಿಟ್ಟು ಹೊರನಡೆದವರೂ ಇದ್ದರು.

1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಕಟ್ಟುನಿಟ್ಟಾಗಿತ್ತು. ಕ್ರೈಸ್ತನಾದವನು ಜಾತಿಯೊಂದಿಗೆ ಕುಲಕಸುಬು, ಮನೆ, ಜಮೀನಿನ ಆಸರೆಯನ್ನೂ ಕಳೆದುಕೊಳ್ಳುತ್ತಿದ್ದ. ನೇಯ್ಗೆ ಕಾರ್ಖಾನೆ, 1865ರ ಹೆಂಚಿನ ಕಾರ್ಖಾನೆ ಬೆಳೆದದ್ದಕ್ಕೆ ಈ ಅಗತ್ಯವೂ ಒಂದು ಕಾರಣ. ಮಂಗಳೂರು ಹೆಂಚು ಊರೂರಿಗೆ ಹೋಯಿತು ಎಂದು ಎಲ್ಲರೂ ಬಲ್ಲರು. ಜಾತಿ ಬಿಟ್ಟವರಿಗೆ ಅನ್ನ ಕೊಡುವುದೂ ಸುವಾರ್ತೆಯ ಕೆಲಸ ಎಂದು ಅದರ ಹಿಂದಿನವರು ತಿಳಿದಿದ್ದರು ಎಂಬುದನ್ನು ನಾವು ಓದಿಕೊಳ್ಳಬೇಕು. ಅದೇ ಕರಾವಳಿಯಲ್ಲಿ ಗೋವೆಯಿಂದ ಬಂದ ಕೊಂಕಣಿ ಕಥೊಲಿಕರು ಬಾಮಣ್, ಚಾರೊಡಿ ಮುಂತಾದ ಜಾತಿ ಗುರುತುಗಳನ್ನು ಜೊತೆಗೇ ತಂದಿದ್ದರು. ಮದುವೆಯ ಮಾತುಕತೆಯಲ್ಲಿ ಅವು ಬಹುಕಾಲ ಬಾಳಿದವು.

ಹಳೆಯ ಕತೆ ಎಂದು ಇದನ್ನು ಬದಿಗಿಡಲಾಗದು. 2008ರ ಮಾರ್ಚ್‌ನಲ್ಲಿ ತಮಿಳುನಾಡಿನ ಎರೈಯೂರಿನಲ್ಲಿ ವನ್ನಿಯ ಜಾತಿಯ ಕ್ರೈಸ್ತರಿಗೂ ದಲಿತ ಕ್ರೈಸ್ತರಿಗೂ ಜಗಳವಾಗಿ, ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ತಿರುಚ್ಚಿಯ ಕಥೊಲಿಕ ಸಮಾಧಿ ಸ್ಥಳವೊಂದರಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸುವ ಗೋಡೆಯೇ ಇತ್ತು. 2003ರಲ್ಲಿ ಎರಡನೇ ಜಾನ್ ಪಾಲ್ ಪೋಪರು ತಮಿಳುನಾಡಿನ ಬಿಷಪರಿಗೆ ಜಾತಿಭೇದವನ್ನು ಖಂಡಿಸಿ ಮಾತಾಡಿದ್ದರು. 2016ರಲ್ಲಿ ಭಾರತದ ಕಥೊಲಿಕ ಬಿಷಪರ ಮಂಡಳಿ ದಲಿತ ಸಬಲೀಕರಣ ನೀತಿಯನ್ನು ಹೊರತಂದು, ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ದಲಿತರೊಬ್ಬರು, ಹೈದರಾಬಾದಿನ ಆರ್ಚ್‌ಬಿಷಪ್ ಆಂಥೋನಿ ಪೂಲ, ಮೊದಲ ಬಾರಿಗೆ ಕಾರ್ಡಿನಲ್ ಆದದ್ದು 2022ರಲ್ಲಿ.

ಅಂತಿಯೋಕ್ಯದ ಊಟ

"ಯೆಹೂದ್ಯನು ಗ್ರೀಕನು ಎಂಬ ಭೇದವಿಲ್ಲ, ಆಳು ಒಡೆಯ ಎಂಬ ಭೇದವಿಲ್ಲ" ಎಂಬ, ಬೈಬಲಿನಲ್ಲಿರುವ ಪೌಲನ ಪತ್ರ ಗಲಾತ್ಯ ಪತ್ರಿಕೆಯ ಮೂರನೇ ಅಧ್ಯಾಯದ ಮಾತನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದನ್ನು ಹಿಡಿದೇ "ನಮ್ಮಲ್ಲಿ ಜಾತಿ ಇಲ್ಲ" ಎನ್ನುತ್ತೇವೆ. ಹಿಂದಿನ ಅಧ್ಯಾಯವನ್ನು ಮೊದಲು ಓದಿ.

ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರನು ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳ ಜೊತೆ ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದ ಮೇಲೆ, ಸುನ್ನತಿಯ ಕಟ್ಟಳೆ ಹಿಡಿದ ಯೆಹೂದ್ಯರಿಗೆ ಹೆದರಿ ಪಂಕ್ತಿಯಿಂದ ಹಿಂದೆ ಸರಿದ. ಉಳಿದ ಯೆಹೂದ್ಯರೂ ಹಾಗೇ ಮಾಡಿದರು, ಬಾರ್ನಬನೂ ಅವರ ಜೊತೆ ಹೋದ. ಪೌಲನು ಎಲ್ಲರ ಎದುರಿಗೆ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಪೇತ್ರನ ಬೋಧನೆಯಲ್ಲಿ ಪೌಲನು ತಪ್ಪು ಹುಡುಕಲಿಲ್ಲ. ಊಟದ ಸಾಲಿನಿಂದ ಎದ್ದುಹೋದದ್ದನ್ನೇ ಸುವಾರ್ತೆಯ ಸತ್ಯಕ್ಕೆ ಸರಿಯಾಗಿ ನಡೆಯದಿರುವುದು ಎಂದು ಕರೆದ.

ಸಹಪಂಕ್ತಿ ಭೋಜನ ಎಂದರೇನು ಎಂದು ನಮ್ಮ ನಾಡಿನವರಿಗೆ ಯಾರೂ ವಿವರಿಸಬೇಕಿಲ್ಲ. ಯಾರ ಜೊತೆ ಉಣ್ಣುತ್ತೇವೆ, ಯಾರ ಮನೆಗೆ ಹೆಣ್ಣು ಕೊಡುತ್ತೇವೆ ಎಂಬುದರಲ್ಲೇ ಜಾತಿ ಬದುಕಿದೆ. ಆದ್ದರಿಂದ ಮೂರನೇ ಅಧ್ಯಾಯದ ಮಾತನ್ನು ನಾನು ಈಗಾಗಲೇ ನಡೆದುಹೋದ ಸಂಗತಿಯ ವರದಿಯೆಂದು ಓದುವುದಿಲ್ಲ. ಭೇದ ಮಾಡಿ ಸಿಕ್ಕಿಬಿದ್ದ ಸಭೆಯ ಕತೆ ಹೇಳಿದ ಮೇಲೆ ಬರುವ ಮಾತು ಅದು. ಕ್ರಿಸ್ತನಲ್ಲಿ ದೊರೆತ ಐಕ್ಯಕ್ಕೆ ತಕ್ಕಂತೆ ಬದುಕಿ ಎಂಬ ಒತ್ತಾಯ ಅದರಲ್ಲಿದೆ. ಕೊರಿಂಥದ ಸಭೆಯಲ್ಲೂ ಅಷ್ಟೇ: ಕರ್ತನ ಭೋಜನಕ್ಕೆ ಕೂಡಿದಾಗ ಉಳ್ಳವರು ಮೊದಲೇ ಉಂಡು, ಇಲ್ಲದವರು ಹಸಿದುಳಿದರು. ಹಾಗಿರುವಾಗ ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದುಬಿಟ್ಟ ಪೌಲ.

ಹೀಗೆ ಓದಿದರೆ ಮೊದಲು ಹೇಳಿದ ತಾಕಲಾಟ ಸಡಿಲವಾಗುತ್ತದೆ. ಕ್ರೈಸ್ತ ನಂಬಿಕೆಯಲ್ಲಿ ಜಾತಿಗೆ ಜಾಗವಿಲ್ಲ ಎಂಬುದೂ ನಿಜ, ಕ್ರೈಸ್ತರ ನಡುವೆ ಜಾತಿ ಇದೆ ಎಂಬುದೂ ನಿಜ. ಮೊದಲನೆಯದನ್ನು ನಂಬುವವರಿಗೇ ಎರಡನೆಯದನ್ನು ಹೇಳುವ ಹೊಣೆ ಹೆಚ್ಚು.

ಬೆಂಗಳೂರಿನಲ್ಲಿ ಎದ್ದ ದನಿ

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಅವರು ಶೂದ್ರ ದೈವಶಾಸ್ತ್ರದ ಬಗ್ಗೆ ಉಪನ್ಯಾಸ ಕೊಟ್ಟರು. ದಲಿತ ದೈವಶಾಸ್ತ್ರದ ಆರಂಭವನ್ನು ಅಲ್ಲಿಂದ ಗುರುತಿಸುತ್ತಾರೆ. ಅಲ್ಲಿಯವರೆಗೆ ಭಾರತೀಯ ಕ್ರೈಸ್ತ ಚಿಂತನೆ ಬಹುಮಟ್ಟಿಗೆ ವೇದಾಂತದ ಜೊತೆ ಸಂವಾದ ಮಾಡುತ್ತಿತ್ತು. ಸಭೆಯಲ್ಲಿ ಕುಳಿತಿದ್ದ ಹೆಚ್ಚಿನವರ ಬದುಕಿಗೂ ಆ ಸಂವಾದಕ್ಕೂ ನಂಟು ಕಡಿಮೆ. ನಿರ್ಮಲ್ ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯವನ್ನು ಕೈಗೆತ್ತಿಕೊಂಡರು. ನಮ್ಮ ಮೂಲಪಿತೃ ಅಲೆಮಾರಿಯಾಗಿದ್ದನು ಎಂದು ಇಸ್ರಾಯೇಲ್ ನೆನಪಿಸಿಕೊಂಡು ಹೇಳುವಂತೆ, ದಲಿತರೂ ತಮ್ಮ ಹಿರಿಯರ ಬವಣೆಯನ್ನು ವಿಶ್ವಾಸದ ಭಾಗವಾಗಿ ಹೇಳಬೇಕು ಎಂದರು. ಯೆಶಾಯನ 53ನೇ ಅಧ್ಯಾಯದ ನೊಂದ ಸೇವಕನಲ್ಲಿ ದಲಿತನಾದ ಕ್ರಿಸ್ತನನ್ನು ಕಂಡರು.

ಈ ಚಿಂತನೆಯ ಮೇಲೆ ಟೀಕೆಯೂ ಇದೆ. ನೋವನ್ನೇ ಗುರುತಾಗಿಸಿಕೊಂಡರೆ ಬಿಡುಗಡೆಯ ಬಲ ಎಲ್ಲಿಂದ ಬರುತ್ತದೆ, ದಲಿತ ಹೆಣ್ಣುಮಕ್ಕಳ ದನಿ ಅಲ್ಲೆಷ್ಟಿದೆ, ಪಾದ್ರಿಗಳನ್ನು ತರಬೇತುಗೊಳಿಸುವ ಸೆಮಿನರಿಯ ಮಾತು ಹಳ್ಳಿಯ ಸಭೆಗೆ ಏಕೆ ಮುಟ್ಟಲಿಲ್ಲ ಎಂದು ಕೇಳುತ್ತಾರೆ. ಮೂರನೆಯದು ನನಗೆ ಅತಿ ಮುಖ್ಯ ಪ್ರಶ್ನೆ.

ಎದುರು ವಾದಗಳು

ದಲಿತ ಕ್ರೈಸ್ತರನ್ನು ಸೇರಿಸಿದರೆ ತಮ್ಮ ಪಾಲು ಕರಗುತ್ತದೆ ಎಂಬ ಹಿಂದೂ ಮತ್ತು ಬೌದ್ಧ ದಲಿತರ ಆತಂಕವನ್ನು ಹಗುರವಾಗಿ ಕಾಣಬಾರದು. ಮಿಷನ್ ಶಾಲೆಗಳ ಅನುಕೂಲ ಕೆಲವು ಕುಟುಂಬಗಳಿಗೆ ಸಿಕ್ಕಿದೆ ಎಂಬ ಅವರ ಮಾತಿನಲ್ಲಿ ಸತ್ಯವಿದೆ. ಪಟ್ಟಿ ದೊಡ್ಡದಾದರೆ ಪ್ರಮಾಣವೂ ಹೆಚ್ಚಬೇಕು ಎಂದು ಅವರ ಜೊತೆ ನಿಂತು ಕೇಳುವುದು ನ್ಯಾಯ. ಸಮತೆ ಸಾರುವ ಧರ್ಮಕ್ಕೆ ಮೀಸಲಾತಿ ಏಕೆ ಎಂಬ ವಾದ ಮಾತ್ರ ನನಗೆ ಒಪ್ಪಿಗೆಯಿಲ್ಲ. ಸಿಖ್ ಧರ್ಮವೂ ಬೌದ್ಧ ಧರ್ಮವೂ ಸಮತೆಯನ್ನೇ ಸಾರುತ್ತವೆ, ಅವರನ್ನು ಸೇರಿಸಿದ್ದಾರೆ.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಬಳಕೆಯ ವಿಷಯ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಸಾಮಾನ್ಯವಾಗಿ ಪ್ರವರ್ಗ 3ಬಿಯಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ಕ್ಕೆ ಸೇರುತ್ತಾರೆ, ಅಲ್ಲಿ ಉಳ್ಳವರನ್ನು ಹೊರಗಿಡುವ ಕೆನೆಪದರದ ನಿಯಮ ಅನ್ವಯಿಸುವುದಿಲ್ಲ. ಆದರೆ ಆ ಪ್ರಮಾಣಪತ್ರ ಕೇಳಬೇಕಾದರೆ ಮೂಲ ಜಾತಿಯನ್ನು ಕಚೇರಿಯಲ್ಲಿ ಹೇಳಬೇಕು. ಸಭೆಯಲ್ಲಿ ಯಾರಿಗಾದರೂ ತಿಳಿದೀತು ಎಂಬ ಅಂಜಿಕೆಯಿಂದ 3ಬಿಯಲ್ಲೇ ಅರ್ಜಿ ಹಾಕುವವರಿದ್ದರೆ, ಅವರನ್ನು ಹಾಗೆ ಅಂಜಿಸಿದ್ದು ಯಾರು ಎಂಬುದನ್ನು ಮುಂದಿನ ಅಧ್ಯಯನ ಕೂಟದಲ್ಲಿ ಗಲಾತ್ಯದ ಎರಡನೇ ಅಧ್ಯಾಯವನ್ನು ಎದುರಿಗಿಟ್ಟುಕೊಂಡು ಚರ್ಚಿಸೋಣ.