ಊರಲ್ಲೇ ಹೆಬ್ಬೆಟ್ಟು ಹಾಕಿಸಿ ತಂದರೆ ನೋಟರಿ ಆಗುತ್ತದೆಯೇ?

ಪ್ರಶ್ನೆ: ಅಪ್ಪ ತೀರಿಕೊಂಡಿದ್ದಾರೆ. ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಬೇಕು, ಅದಕ್ಕೆ ನೋಟರಿ ಅಫಿಡವಿಟ್ ಕೇಳಿದ್ದಾರೆ. ಅವ್ವ ಜಗಳೂರು ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ, ಸಹಿ ಬರುವುದಿಲ್ಲ. ಹೆಬ್ಬೆಟ್ಟು ಹಾಕಿಸಿಕೊಂಡು ಬಂದು ದಾವಣಗೆರೆಯಲ್ಲಿ ನೋಟರಿ ಮಾಡಿಸಬಹುದೇ?

ಉತ್ತರ: ಬರುವುದಿಲ್ಲ. ಅಫಿಡವಿಟ್ ಎಂದರೆ ಪ್ರಮಾಣ ಮಾಡಿ ಹೇಳಿದ ಮಾತು. ‘ಇವರು ನನ್ನೆದುರು ಬಂದು ಪ್ರಮಾಣ ಮಾಡಿದರು’ ಎನ್ನುವುದಕ್ಕೇ ನೋಟರಿಯವರ ಮುದ್ರೆ. ಅವರ ರಿಜಿಸ್ಟರಿನಲ್ಲೂ ಅವ್ವನ ಹೆಬ್ಬೆಟ್ಟು ಬೀಳಬೇಕು. ನಾಳೆ ದಾಯಾದಿಗಳು ತಕರಾರು ತೆಗೆದರೆ ತರಿಸಿ ನೋಡುವುದು ಆ ಪುಸ್ತಕವನ್ನೇ.

ಒಂದು ದಾರಿಯಿದೆ. ಪ್ರಮಾಣ ಮಾಡಬೇಕಾದವರು ಅರ್ಜಿದಾರರು. ನೀವೂ ವಾರಸುದಾರರೇ, ನಾಡಕಚೇರಿಯಲ್ಲಿ ಅರ್ಜಿಯನ್ನು ನಿಮ್ಮ ಹೆಸರಲ್ಲೇ ಹಾಕಿದರೆ ಅವ್ವನಿಗೆ ಓಡಾಟ ತಪ್ಪುತ್ತದೆ.

ಅವ್ವನೇ ಮಾಡುವುದಾದರೆ 100 ರೂಪಾಯಿಯ ಇ-ಸ್ಟಾಂಪನ್ನು ಅವರ ಹೆಸರಲ್ಲೇ ತೆಗೆಸಿ. ಹಿಂದಿನ 20 ರೂಪಾಯಿ ಈಗ ಸಾಲದು. ಆಧಾರ್‌ನಲ್ಲಿ ಗೌರಮ್ಮ, ಪಹಣಿಯಲ್ಲಿ ಗೌರವ್ವ ಎಂದಿದ್ದರೆ ‘ಗೌರಮ್ಮ ಉರುಫ್ ಗೌರವ್ವ’ ಎಂದು ಎರಡನ್ನೂ ಬರೆಸಿ. ಒಕ್ಕಣೆಯ ತಾರೀಖು ಇ-ಸ್ಟಾಂಪಿನ ತಾರೀಖಿಗಿಂತ ಹಿಂದಿನದಾಗಬಾರದು. ತೀರಿಕೊಂಡವರು, ಮದುವೆಯಾಗಿ ಹೋದ ಅಕ್ಕತಂಗಿಯರು, ಎಲ್ಲರ ಹೆಸರೂ ಇರಲಿ. ಹೆಣ್ಣುಮಕ್ಕಳನ್ನು ಬಿಟ್ಟು ಬರೆಸುವುದು ಸುಳ್ಳು ಪ್ರಮಾಣ, ಒಡಹುಟ್ಟಿದವರಿಗೆ ಮಾಡುವ ಅನ್ಯಾಯವೂ ಹೌದು.

ಒಕ್ಕಣೆ ಕನ್ನಡದಲ್ಲೇ ಇರಲಿ. ನೋಟರಿಯವರು ಪೂರ್ತಿ ಓದಿ ಹೇಳಿ, ಅವ್ವ ಹೂಂ ಎಂದ ಮೇಲೆಯೇ ಹೆಬ್ಬೆಟ್ಟು. ‘ಓದಿ ಹೇಳಿದ್ದನ್ನು ಕೇಳಿ, ತಿಳಿದು, ಒಪ್ಪಿ’ ಎಂಬ ಸಾಲನ್ನು ಮಾತ್ರ ಬಿಡಬೇಡಿ. ಓದು ಬಾರದವರಿಗೆ ಕಾವಲು ಅದೇ. ಹೊಲದ ಕೆಲಸದಲ್ಲಿ ಸವೆದ ಬೆರಳಿಗೆ ಗೆರೆ ಸುಲಭಕ್ಕೆ ಮೂಡುವುದಿಲ್ಲ. ಎಡಗೈ ಹೆಬ್ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಶಾಯಿಯನ್ನು ತೆಳುವಾಗಿ ಹಚ್ಚಿ, ಒಂದಂಚಿನಿಂದ ಇನ್ನೊಂದಂಚಿಗೆ ಮೆಲ್ಲಗೆ ಉರುಳಿಸಿ. ಗಟ್ಟಿಯಾಗಿ ಒತ್ತಿದರೆ ಬೀಳುವುದು ಬರೀ ಮಸಿಯ ಮಚ್ಚೆ. ಪ್ರತಿ ಹಾಳೆಗೂ ಹೆಬ್ಬೆಟ್ಟು ಹಾಕಿಸಿ, ಪಕ್ಕದಲ್ಲಿ ಯಾರದೆಂದು ಹೆಸರು ಬರೆಸಿ. ಕೊನೆಯಲ್ಲಿ, ಇವರೇ ಅವ್ವ ಎಂದು ನೋಟರಿಯವರೆದುರು ಗುರುತಿಸಿದವರ ಸಹಿ ಇರಲಿ.

ಅವ್ವ ಹಾಸಿಗೆ ಹಿಡಿದಿದ್ದರೆ ನೋಟರಿಯವರೇ ಮನೆಗೆ ಬರಬಹುದು. ಆದರೆ ಕರೆಯುವ ಮೊದಲು ಅವರ ಮುದ್ರೆ ನೋಡಿ. 5 ಸೆಂಟಿಮೀಟರ್ ಅಗಲದ ಆ ದುಂಡು ಮುದ್ರೆಯಲ್ಲಿ ಹೆಸರು, ನೋಂದಣಿ ಸಂಖ್ಯೆಯ ಜೊತೆ ಅವರಿಗೆ ಅಧಿಕಾರವಿರುವ ಪ್ರದೇಶವೂ ಇರುತ್ತದೆ. ಅಲ್ಲಿ ದಾವಣಗೆರೆ ತಾಲ್ಲೂಕು ಎಂದಷ್ಟೇ ಇದ್ದರೆ ನಿಮ್ಮ ಹಳ್ಳಿಯಲ್ಲಿ ಅವರಿಗೆ ಅಧಿಕಾರವಿಲ್ಲ. ಜಗಳೂರಿನ ನೋಟರಿಯನ್ನೇ ಕರೆದೊಯ್ಯಿರಿ.